ಭಾರತ–ಚೀನಾ ಮೇಲೆ ಪಿಎಚ್‌ಡಿ ಮಾಡಬೇಕು, ಗೈಡ್ ಮಾತ್ರ ಟಿಬೆಟನ್ನರ ಶಿಬಿರ ಇರುವ ಬೈಲಕುಪ್ಪೆ ಮೇಲೆ ಮಾಡು ಅಂತಾರೆ. ಅದು ಲೋಕಲ್ ವಿಷಯ ಆಗಲ್ವಾ? ಗೈಡನ್ನೇ ಬದಲಿಸಲಾ?

ಬದಲಿಸಬೇಡಿ. ನನಗೂ ನಮ್ಮ ಗೈಡ್ ಇಂಥದ್ದೇ ಮಾತು ಹೇಳಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ರಾಜ್ಯಶಾಸ್ತ್ರ ವಿಭಾಗದಲ್ಲಿ ಮುಕ್ಕಾಲು ಜನರದ್ದು ಪಂಚಾಯತ್ ರಾಜ್. ನನಗೋ ವಿದೇಶಾಂಗ ನೀತಿಯ ಹುಚ್ಚು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದ ಹಿಡಿದೆ. ಸಿಲೋನಿನ (ಈಗಿನ ಶ್ರೀಲಂಕಾ) ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದವರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ ಎಂದು ಹಂಚಿಕೊಂಡ ಒಪ್ಪಂದ. ಆ ಚೌಕಾಸಿ ಹೇಗೆ ನಡೆಯಿತು ಅಂತ ಬರೆಯುವ ಆಸೆ.

ಎಡವಿದ್ದು ಎಲ್ಲಿ ಗೊತ್ತಾ? ಪತ್ರಾಗಾರದ ಸೂಚಿಯಲ್ಲಿ ಕಡತದ ಹೆಸರು, ನಂಬರು ಇದ್ದರೆ ಕಡತವೂ ಇರುತ್ತೆ ಅಂದುಕೊಂಡೆ. ಆ ಹೆಸರುಗಳನ್ನೇ ನೋಡಿ ಅಧ್ಯಾಯ ವಿಂಗಡಿಸಿದೆ, ಸಿನಾಪ್ಸಿಸ್ ಬರೆದೆ, ಶೀರ್ಷಿಕೆ ನೋಂದಣಿಯೂ ಮಾಡಿಸಿದೆ. ಆಮೇಲೆ ದೆಹಲಿಗೆ ಹೋದೆ. ಜನಪಥದ ರಾಷ್ಟ್ರೀಯ ಪತ್ರಾಗಾರದಲ್ಲಿ ಬೇಕಾದ ಕಡತಕ್ಕೆ ಚೀಟಿ ಬರೆದು ಕೊಡಬೇಕು. ನನ್ನ ಚೀಟಿಗಳು ವಾಪಸ್ ಬಂದವು, ಮೇಲೆ ಪೆನ್ನಿನಲ್ಲಿ 'ಎನ್‌ಟಿ'. ನಾಟ್ ಟ್ರಾನ್ಸ್‌ಫರ್ಡ್, ಅಂದರೆ ಸಚಿವಾಲಯದಿಂದ ಇನ್ನೂ ಬಂದೇ ಇಲ್ಲ. ಮೊದಲೇ ಹೋಗಿ ನಾಲ್ಕು ಚೀಟಿ ಹಾಕಿದ್ದರೆ ಗೊತ್ತಾಗಿರುತ್ತಿತ್ತು. ನೋಂದಣಿ ಆದಮೇಲೆ ಶೀರ್ಷಿಕೆ ಬದಲಿಸಬೇಕೆಂದರೆ ಮತ್ತೆ ಸಮಿತಿ, ಮತ್ತೆ ಅರ್ಜಿ, ಮತ್ತೆ ಶುಲ್ಕ. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು.

ಗೈಡ್ ಮೊದಲೇ ಹೇಳಿದ್ದು ಸುಳ್ಯಕ್ಕೆ ಹೋಗು ಅಂತ. ಆ ಒಪ್ಪಂದದಲ್ಲಿ ಬಂದವರು ಅಲ್ಲಿ, ಪುತ್ತೂರಿನಲ್ಲಿ, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿದ್ದಾರೆ. ಕೊನೆಗೂ ಹೋದೆ. ಒಬ್ಬ ಅಜ್ಜಿ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಕವರ್ ತೆಗೆದರು, ಒಳಗೆ ಸಿಲೋನಿನಿಂದ ವಾಪಸ್ ಬಂದ ಕುಟುಂಬಗಳಿಗೆ ಕೊಟ್ಟಿದ್ದ ಫ್ಯಾಮಿಲಿ ಕಾರ್ಡು. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು, ಆಮೇಲೆ ಬಂದವರನ್ನು ಮೊದಲು ಇರಿಸುತ್ತಿದ್ದ ಮಂಡಪಂ ಕ್ಯಾಂಪು, ಎಲ್ಲ ಹೇಳಿದರು. ಅವರ ಗಂಡನನ್ನು ಕೇಳಿದ್ದರೆ ಇನ್ನೂ ಜಾಸ್ತಿ ಸಿಗುತ್ತಿತ್ತು, ಆದರೆ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮೊಮ್ಮಗ ನನ್ನನ್ನು ಸರ್ಕಾರದವನು ಅಂದುಕೊಂಡು ಜಾತಿ ಪ್ರಮಾಣಪತ್ರ ಯಾವಾಗ ಕೊಡ್ತೀರಿ ಅಂದ.

ಹಾಗಾಗಿ ಬೈಲಕುಪ್ಪೆ ಅಂದರೆ ಲೋಕಲ್, ಭಾರತ–ಚೀನಾ ಅಂದರೆ ಅಂತರರಾಷ್ಟ್ರೀಯ ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪಲ್ಲ. ಟಿಬೆಟಿನಿಂದ ಬಂದವರಿಗೆ ಆಗಿನ ಮೈಸೂರು ಸರ್ಕಾರ ಜಾಗ ಕೊಟ್ಟಿದ್ದು ವಿದೇಶಾಂಗ ನೀತಿ ಅಲ್ವಾ? ಅತ್ತ 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನೇ ಸರ್ಕಾರ ಇನ್ನೂ ಬಿಡುಗಡೆ ಮಾಡಿಲ್ಲ. ನಿಮಗೆ ಯಾವ ಕಡತ ಕೊಡ್ತಾರೆ? ಥಿಯರಿ ಅಧ್ಯಾಯ ಆಮೇಲೆ ಬರೆದರೂ ನಡೆಯುತ್ತೆ. ಮೊದಲು ಬೈಲಕುಪ್ಪೆಗೆ ಹೋಗಿ, 1960ರ ಆಸುಪಾಸಿನಲ್ಲಿ ಬಂದ ಹಿರಿಯರು ಯಾರಿದ್ದಾರೆ ಅಂತ ವಿಚಾರಿಸಿ. ರೆಕಾರ್ಡರ್ ತಗೊಂಡು ಹೋಗಿ.