ಗೋಮಾಳಕ್ಕೆ ಪಹಣಿ ಇಲ್ಲ: ಲಡಾಖ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಲ ಈ ಅಂಕಣದಲ್ಲಿ ಲಡಾಖ್ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಕೇಂದ್ರಾಡಳಿತ ಪ್ರದೇಶ ಮಾಡಿ ಅಂತ ಲೇಹ್‌ನವರೇ ಎಷ್ಟೋ ವರ್ಷ ಕೇಳಿದ್ದು. 2019ರಲ್ಲಿ ಕೊಟ್ಟರು. ಈಗ ಮತ್ತೆ ಯಾಕೆ ಹೋರಾಟ? (ಹುಬ್ಬಳ್ಳಿಯಿಂದ, ಎರಡು ಸಲ ಬೈಕಲ್ಲಿ ಲಡಾಖ್‌ಗೆ ಹೋಗಿ ಬಂದವರು)

ಕೇಳಿದ್ದು ನಿಜ. ಆದರೆ ಕೇಳಿದ್ದು ಲೇಹ್, ಕಾರ್ಗಿಲ್ ಅಲ್ಲ. ಬೌದ್ಧರು ಜಾಸ್ತಿ ಇರುವ ಲೇಹ್‌ನಲ್ಲಿ 2019ರ ಆಗಸ್ಟ್‌ನಲ್ಲಿ ಸಂಭ್ರಮ ಇತ್ತು. ಶಿಯಾ ಮುಸ್ಲಿಮರು ಜಾಸ್ತಿ ಇರುವ ಕಾರ್ಗಿಲ್‌ನಲ್ಲಿ ಅವತ್ತೇ ವಿರೋಧ ಇತ್ತು. ಆದರೆ ಲೇಹ್‌ನವರು ಕೇಳಿದ್ದು ವಿಧಾನಸಭೆ ಇರುವ ಕೇಂದ್ರಾಡಳಿತ. ಸಿಕ್ಕಿದ್ದು ವಿಧಾನಸಭೆ ಇಲ್ಲದ್ದು. ಮೊದಲು ಜಮ್ಮು-ಕಾಶ್ಮೀರ ವಿಧಾನಸಭೆಯಲ್ಲಿ ಲಡಾಖ್‌ನ 4 ಶಾಸಕರಿದ್ದರು. ಈಗ ಒಬ್ಬರೂ ಇಲ್ಲ. ದೆಹಲಿಗೆ ಹೋಗುವ ಒಬ್ಬ ಸಂಸದ, ಲೇಹ್‌ಗೊಂದು ಕಾರ್ಗಿಲ್‌ಗೊಂದು ಗುಡ್ಡಗಾಡು ಮಂಡಳಿ, ಅಷ್ಟೇ. ಮೇಲಿನದೆಲ್ಲ ಉಪರಾಜ್ಯಪಾಲರು ಮತ್ತು ಅಧಿಕಾರಿಗಳ ಕೈಯಲ್ಲಿ.

ಇನ್ನೊಂದು ವಿಷಯ. 370ನೇ ವಿಧಿಯ ಜತೆಗಿದ್ದ 35ಎ ಹೋದಾಗ ಜಮೀನಿಗೆ, ಕೆಲಸಕ್ಕೆ ಇದ್ದ ರಕ್ಷಣೆಯೂ ಹೋಯಿತು. 2011ರ ಜನಗಣತಿಯ ಪ್ರಕಾರ ಇಡೀ ಲಡಾಖ್‌ನ ಜನಸಂಖ್ಯೆ 2,74,289. ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು ಜನ, ಸುಮಾರು 59,000 ಚದರ ಕಿ.ಮೀ. ಜಾಗದಲ್ಲಿ ಚೆದುರಿಕೊಂಡಿದ್ದಾರೆ. ಹೊರಗಿನಿಂದ ದುಡ್ಡಿದ್ದವರು ಬಂದರೆ ತಮ್ಮ ಗತಿ ಏನು ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ. ಆ ಭಯವೇ ಮೊದಲು ಮುಖ ಕೊಟ್ಟು ಮಾತಾಡದಿದ್ದ ಲೇಹ್ ಮತ್ತು ಕಾರ್ಗಿಲ್‌ಗಳನ್ನು ಒಟ್ಟಿಗೆ ಕೂರಿಸಿತು. ಇಬ್ಬರೂ ಸೇರಿ ಇಟ್ಟ ಬೇಡಿಕೆ ನಾಲ್ಕು: ರಾಜ್ಯದ ಸ್ಥಾನಮಾನ, ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಮಂಡಳಿ ಕೊಡುವ ಸಂವಿಧಾನದ ಆರನೇ ಅನುಸೂಚಿ, ತಮ್ಮದೇ ಲೋಕಸೇವಾ ಆಯೋಗ, ಒಂದರ ಬದಲು ಎರಡು ಲೋಕಸಭಾ ಸ್ಥಾನ.

2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸ್ವಲ್ಪ ಬಗ್ಗಿತು. ಸರ್ಕಾರಿ ಕೆಲಸಗಳಲ್ಲಿ ಸ್ಥಳೀಯರಿಗೆ ಶೇ 85 ಮೀಸಲಾತಿ, ಮಂಡಳಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಬಂತು. ಜಮೀನಿನ ವಿಚಾರ ಮಾತ್ರ ಹಾಗೇ ಉಳಿಯಿತು. ಅದೇ ವರ್ಷ ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಉಪವಾಸ ನಡೆಯುತ್ತಿದ್ದಾಗ ಹುಡುಗರ ಗುಂಪು ಬೀದಿಗಿಳಿಯಿತು, ಬಿಜೆಪಿ ಕಚೇರಿಗೆ ಬೆಂಕಿ ಬಿತ್ತು, ಗೋಲಿಬಾರ್‌ನಲ್ಲಿ ನಾಲ್ಕು ಜನ ಸತ್ತರು. ಅವರಲ್ಲಿ ಒಬ್ಬರು ಸೈನ್ಯದಲ್ಲಿ ದುಡಿದು ಬಂದವರು. ಎರಡು ದಿನ ಬಿಟ್ಟು, ಉಪವಾಸ ಕೂತಿದ್ದ ಎಂಜಿನಿಯರ್ ಮತ್ತು ಹೋರಾಟಗಾರ ಸೋನಮ್ ವಾಂಗ್ಚುಕ್ ಅವರನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಹಿಡಿದು ಜೋಧಪುರಕ್ಕೆ ಕಳಿಸಿದರು. ಬೆಂಕಿ ಹಚ್ಚಿದ್ದು ತಪ್ಪು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಷ್ಟು ವರ್ಷ ಉಪವಾಸ ಕೂತವರ, ಚಳಿಯಲ್ಲಿ ನಡೆದವರ ಮಾತಿಗೆ ಕಿವಿ ಕೊಟ್ಟಿದ್ದರೆ ಆ ದಿನ ಬರುತ್ತಿರಲಿಲ್ಲ ಅಂತಲೇ ನಾನು ನಂಬಿದ್ದೇನೆ.

ನಮ್ಮ 371ಜೆ ತರಹವೇ ಈ ಆರನೇ ಅನುಸೂಚಿ? (ಕಲಬುರಗಿಯ ಶಿಕ್ಷಕಿ)

ಒಳ್ಳೆ ಪ್ರಶ್ನೆ ಮೇಡಂ. ಎರಡೂ ಬೇರೆ. 371ಜೆ 2012ರ ತಿದ್ದುಪಡಿಯಿಂದ ಬಂತು. ನಿಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸೀಟು, ಕೆಲಸ, ಅಭಿವೃದ್ಧಿಗೆ ಬೇರೆ ಮಂಡಳಿ, ಬೇರೆ ಅನುದಾನ ಕೊಟ್ಟಿತು. ಜಮೀನಿನ ಕಾನೂನು ಮಾಡುವ ಅಧಿಕಾರ ಮಾತ್ರ ವಿಧಾನಸೌಧದಲ್ಲೇ ಉಳಿಯಿತು. ಆರನೇ ಅನುಸೂಚಿ ಅದಕ್ಕಿಂತ ಮುಂದೆ ಹೋಗುತ್ತದೆ. ಈಗ ಅದು ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗಳ ಬುಡಕಟ್ಟು ಪ್ರದೇಶಗಳಲ್ಲಿದೆ. ಅಲ್ಲಿನ ಸ್ವಾಯತ್ತ ಮಂಡಳಿಗಳು ಜಮೀನು, ಮೀಸಲು ಅಲ್ಲದ ಕಾಡು, ಊರಿನ ಆಡಳಿತ, ಆಸ್ತಿಯ ವಾರಸುದಾರಿಕೆ ಬಗ್ಗೆ ತಾವೇ ಕಾನೂನು ಮಾಡಬಹುದು, ರಾಜ್ಯಪಾಲರ ಒಪ್ಪಿಗೆ ಬೇಕು. ಗಣಿಯ ರಾಯಲ್ಟಿಯಲ್ಲೂ ಪಾಲು ಸಿಗುತ್ತದೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಮುಂದಿಟ್ಟಿದ್ದು 371ರ ಮಾದರಿಯ ರಕ್ಷಣೆ. ಲಡಾಖ್‌ನವರು ಬೇಡ ಅಂದರು. ಅವರ ಜನಸಂಖ್ಯೆಯಲ್ಲಿ ಶೇ 90ಕ್ಕಿಂತ ಜಾಸ್ತಿ ಪರಿಶಿಷ್ಟ ಪಂಗಡದವರು. ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗವೇ 2019ರ ಸೆಪ್ಟೆಂಬರ್‌ನಲ್ಲಿ ಆರನೇ ಅನುಸೂಚಿ ಕೊಡಿ ಅಂತ ಶಿಫಾರಸು ಮಾಡಿತ್ತು. ಕೊಡಬೇಕು ಅನ್ನುವುದೇ ನನ್ನ ಅಭಿಪ್ರಾಯ. ಯಾಕೆ ಅನ್ನುವುದಕ್ಕೆ ಮುಂದಿನ ಪ್ರಶ್ನೆ ನೋಡಿ.

ಲಡಾಖ್‌ನಲ್ಲೂ ದೊಡ್ಡ ಸೋಲಾರ್ ಪಾರ್ಕ್ ಬರುತ್ತಂತೆ. ನಮ್ಮೂರ ಪಕ್ಕದಲ್ಲೂ ಇದೆ. ಅಲ್ಲಿನ ರೈತರಿಗೂ ಬಾಡಿಗೆ ಕೊಡ್ತಾರಾ? (ಪಾವಗಡದ ರೈತರು)

ಇಡೀ ಕಂತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪತ್ರ ನಿಮ್ಮದು ಸಾರ್.

ಪಾವಗಡದಲ್ಲಿ ಆಗಿದ್ದೇನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಡುವ ಊರಲ್ಲಿ ಅದು ಸಣ್ಣ ದುಡ್ಡಲ್ಲ. ಆದರೆ ಆ ದುಡ್ಡು ಬಂದಿದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಕೂಲಿಗೆ ಹೋಗುತ್ತಿದ್ದವರಿಗೆ, ಕಂಡವರ ಹೊಲದ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಏನು ಬಂತು?

ಈಗ ಲಡಾಖ್‌ಗೆ ಬನ್ನಿ. ಅಲ್ಲಿ ಯೋಜನೆ 13 ಗಿಗಾವಾಟ್‌ದು, ಅಂದರೆ ಪಾವಗಡದ ಆರು ಪಟ್ಟಿಗೂ ಜಾಸ್ತಿ. ಆ ಕರೆಂಟನ್ನು ಹರಿಯಾಣದ ಕೈತಲ್‌ವರೆಗೆ ತರುವ 713 ಕಿ.ಮೀ. ಲೈನಿಗೆ ಕೇಂದ್ರ ಸಂಪುಟ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ವೆಚ್ಚ 20,773 ಕೋಟಿ ರೂಪಾಯಿ. ಗುರುತಿಸಿರುವ ಜಾಗ ಚಾಂಗ್‌ಥಾಂಗ್ ಸೀಮೆಯ ಪಾಂಗ್ ಕಡೆ. ನಕಾಶೆಯಲ್ಲಿ ನೋಡಿದರೆ ಬಂಜರು, ಬಿಸಿಲು ಧಾರಾಳ, ಮನೆಗಳಿಲ್ಲ. ಕಚೇರಿಯಲ್ಲಿ ಕೂತವರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲಿಕ್ಕಿಲ್ಲ.

ಆದರೆ ಅದು ಗೋಮಾಳ. ಚಾಂಗ್‌ಪಾ ಜನ ಕಾಲಕಾಲಕ್ಕೆ ಆಡು, ಕುರಿ, ಯಾಕ್ ಹೊಡೆದುಕೊಂಡು ಓಡಾಡುವ ಸೀಮೆ. 4,000 ಮೀಟರಿಗಿಂತ ಎತ್ತರದಲ್ಲಿ ಹುಲ್ಲು ಅಂದರೆ ನಮ್ಮ ಕಡೆಯ ಹಾಗೆ ಮೊಣಕಾಲೆತ್ತರ ಅಲ್ಲ, ನೆಲಕ್ಕೆ ಅಂಟಿಕೊಂಡ ಗೇಣುದ್ದದ ಗರಿಕೆ, ಅಲ್ಲೊಂದು ಇಲ್ಲೊಂದು. ಒಂದು ಮಂದೆಗೆ ಎಷ್ಟು ಮೈಲಿ ಜಾಗ ಬೇಕು ಅಂತ ನೀವೇ ಲೆಕ್ಕ ಹಾಕಿ.

ಅಲ್ಲಿ ಪಶ್ಮೀನಾ ತೆಗೆಯುವುದನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ಬೇಸಿಗೆ ಶುರುವಿನಲ್ಲಿ ಆಡು ತಾನಾಗಿಯೇ ಒಳಗೂದಲು ಉದುರಿಸುತ್ತದೆ. ಅದನ್ನು ಮಗ್ಗುಲಿಗೆ ಮಲಗಿಸಿ, ಕಾಲು ಕಟ್ಟಿ, ಕಬ್ಬಿಣದ ಹಲ್ಲಿನ ಬಾಚಣಿಗೆಯಿಂದ ಕುತ್ತಿಗೆಯ ಕಡೆಯಿಂದ ನಿಧಾನಕ್ಕೆ ಎಳೆಯುತ್ತಾರೆ. ಜೋರಾಗಿ ಎಳೆದರೆ ಚರ್ಮ ಗಾಯ ಆಗುತ್ತದೆ, ಮೆತ್ತಗೆ ಎಳೆದರೆ ಬರುವುದೇ ಇಲ್ಲ. ಬಾಚಣಿಗೆಯ ಬುಡದಲ್ಲಿ ಬೂದು ಬಣ್ಣದ ಉಂಡೆ ಸೇರುತ್ತಾ ಹೋಗುತ್ತದೆ. ಬಾಚುತ್ತಿದ್ದ ಅಜ್ಜಿ ಒಂದು ಚೂರು ನನ್ನ ಅಂಗೈಯಲ್ಲಿಟ್ಟಳು. ಭಾರವೇ ಗೊತ್ತಾಗಲಿಲ್ಲ, ಆದರೆ ಆ ಗಾಳಿಯಲ್ಲೂ ಅರೆಗಳಿಗೆಯಲ್ಲಿ ಅಂಗೈ ಬೆಚ್ಚಗಾಯಿತು. ಒಂದು ಆಡಿನಿಂದ ವರ್ಷಕ್ಕೆ ಸಿಗುವುದು ಹೆಚ್ಚುಕಮ್ಮಿ ಕಾಲು ಕೆ.ಜಿ., ಅದರಲ್ಲೂ ಒರಟು ಕೂದಲು, ಕಸ ತೆಗೆದ ಮೇಲೆ ಉಳಿಯುವುದು ಇನ್ನೂ ಕಡಿಮೆ. ಶ್ರೀನಗರದ ನೇಕಾರರ ಕೈಗೆ ಹೋಗಿ ಲಕ್ಷಗಟ್ಟಲೆ ಬೆಲೆಯ ಶಾಲು ಆಗುವುದು ಇದೇ ಉಂಡೆ.

ಆ ಅಜ್ಜಿಯ ಹತ್ತಿರ ಪಹಣಿ ಇಲ್ಲ. ಅವಳ ಅತ್ತೆ ಮೇಯಿಸಿದ ಜಾಗದಲ್ಲೇ ಅವಳೂ ಮೇಯಿಸಿದ್ದಾಳೆ, ಆದರೆ ಯಾವ ದಾಖಲೆಯಲ್ಲೂ ಹೆಸರಿಲ್ಲ. ಹಾಗಾದರೆ ಬಾಡಿಗೆ ಯಾರಿಗೆ? ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ ಸಾರ್: ಪಾವಗಡದಲ್ಲಿ ಕಾಗದ ಇದ್ದವರಿಗೆ ಸಿಕ್ಕಿತು, ಅಲ್ಲಿ ಮೇಯಿಸುವವರ ಕೈಯಲ್ಲಿ ಕಾಗದವೇ ಇಲ್ಲ. ಆರನೇ ಅನುಸೂಚಿ ಬೇಕು ಅಂತ ಅವರು ಹಟ ಹಿಡಿದಿರುವುದಕ್ಕೆ ಇದೊಂದೇ ಕಾರಣ ಸಾಕು. ಹುಲ್ಲುಗಾವಲಿನ ಬಗ್ಗೆ ತೀರ್ಮಾನ ಮಾಡುವಾಗ ಹುಲ್ಲಿನ ಲೆಕ್ಕ ಗೊತ್ತಿರುವವರು ಕೂತಿರಬೇಕು ಅಲ್ವಾ?

ನಾನು ಸೋಲಾರ್ ವಿರೋಧಿ ಅಲ್ಲ. ಕಲ್ಲಿದ್ದಲು ಸುಟ್ಟರೆ ಮೊದಲು ಕರಗುವುದು ಇದೇ ಲಡಾಖ್‌ನ ಹಿಮ. ಪ್ಯಾನೆಲ್ ಎಲ್ಲಿ ಹಾಕಬೇಕು, ಮಂದೆ ದಾಟಲು ದಾರಿ ಎಲ್ಲಿ ಬಿಡಬೇಕು, ಆದಾಯದಲ್ಲಿ ಊರಿನ ಪಾಲೆಷ್ಟು, ಇದನ್ನು ಅವರ ಜತೆ ಕೂತು ಬರೆದು ಆಮೇಲೆ ಗುದ್ದಲಿ ಪೂಜೆ ಮಾಡಲಿ.

2024ರ ಅಕ್ಟೋಬರ್‌ನಲ್ಲಿ ಚೀನಾ ಜತೆ ಒಪ್ಪಂದ ಆಯ್ತಲ್ಲ, ಗಡಿ ಸಮಸ್ಯೆ ಮುಗೀತಾ? (ದಾವಣಗೆರೆಯ ಕಾಲೇಜು ವಿದ್ಯಾರ್ಥಿನಿ)

ಇಲ್ಲಮ್ಮ. ಅವತ್ತು ಒಪ್ಪಿಕೊಂಡಿದ್ದು ಲಡಾಖ್ ಗಡಿಯ ದೆಪ್ಸಾಂಗ್ ಮತ್ತು ದೆಮ್‌ಚೋಕ್‌ನಲ್ಲಿ ಗಸ್ತು ಮತ್ತೆ ಶುರು ಮಾಡುವ ವಿಚಾರ. ಗಡಿ ಗೆರೆ ಎಲ್ಲಿ ಅನ್ನುವುದು ಹಾಗೇ ಇದೆ. ಅಕ್ಸಾಯ್ ಚಿನ್‌ನ ಸುಮಾರು 38,000 ಚದರ ಕಿ.ಮೀ. ನಮ್ಮದು ಅಂತ ನಾವು ಹೇಳುತ್ತೇವೆ, ಅದು ಇರುವುದು ಚೀನಾದ ಕೈಯಲ್ಲಿ. 1950ರ ದಶಕದಲ್ಲೇ ಅವರು ಅದರ ಮಧ್ಯೆ ರಸ್ತೆ ಹಾಕಿಕೊಂಡರು, 1962ರಲ್ಲಿ ಯುದ್ಧ ಆಯಿತು. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತರು, ಅದೂ ಗುಂಡಿನಿಂದಲ್ಲ, ಕಲ್ಲು ದೊಣ್ಣೆಗಳ ಹೊಡೆದಾಟದಲ್ಲಿ. ತಮ್ಮವರು ನಾಲ್ವರು ಅಂತ ಚೀನಾ ಹೇಳಿತು.

ಟಿವಿಯಲ್ಲಿ ಬಾರದ ಒಂದು ಸಂಗತಿ ಹೇಳುತ್ತೇನೆ. ಗಾಲ್ವಾನ್ ಆದ ಮೇಲೆ ಸೈನ್ಯಗಳು ಹಿಂದೆ ಸರಿದ ಕೆಲವು ಕಡೆ ಮಧ್ಯದಲ್ಲಿ ಇಬ್ಬರೂ ಕಾಲಿಡದ ಪಟ್ಟಿ ಬಿಟ್ಟರು. ತಾವು ಚಳಿಗಾಲದಲ್ಲಿ ಮೇಯಿಸುತ್ತಿದ್ದ ಜಾಗ ಇದರಿಂದ ಕೈತಪ್ಪಿತು ಅನ್ನುವುದು ಗಡಿ ಹತ್ತಿರದ ಚುಶುಲ್ ಹಳ್ಳಿ ಸುತ್ತಿನ ಕುರಿಗಾಹಿಗಳ ದೂರು. ಮೊದಲೆಲ್ಲ ಯಾವ ಬಂಡೆಯ ಆಚೆ ಹೋಗಬಾರದು ಅಂತ ಕುರಿ ಮೇಯಿಸುವ ಹುಡುಗನಿಗೆ ಅವನ ಅಪ್ಪ ಹೇಳಿಕೊಡುತ್ತಿದ್ದ. ಆಚೆ ಕಡೆ ಹೊಸ ಗುಡಾರ ಎದ್ದರೆ ಎಷ್ಟೋ ಸಲ ಮೊದಲು ಕಂಡವರೂ ಇವರೇ. ಒಂದು ಕಡೆ ಗಡಿಯಲ್ಲಿ ಮೇವು ಹೋಯಿತು, ಇನ್ನೊಂದು ಕಡೆ ಒಳಗಿನ ಗೋಮಾಳಕ್ಕೆ ಪ್ಯಾನೆಲ್ ಬರುತ್ತಿದೆ. ಆಡು ಮಾರಿ ಲೇಹ್ ಪಟ್ಟಣಕ್ಕೆ ಬಂದು ಕೂಲಿ ಮಾಡುವ ಚಾಂಗ್‌ಪಾ ಸಂಸಾರಗಳನ್ನು ನಾನು ಕಂಡಿದ್ದೇನೆ. ಆ ಸಂಸಾರಗಳೆಲ್ಲ ಇಳಿದು ಬಂದರೆ ಆ ಬಯಲಲ್ಲಿ ಸೈನಿಕರನ್ನು ಬಿಟ್ಟು ಇನ್ಯಾರಿರುತ್ತಾರೆ?

ಮಂಜುಗಡ್ಡೆ ಸ್ತೂಪ ಮಾಡಿ ನೀರು ಉಳಿಸ್ತಾರಂತೆ, ಹೇಗೆ? (ಚಳ್ಳಕೆರೆಯಿಂದ)

ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ 100 ಮಿ.ಮೀ. ಆಸುಪಾಸು. ನಿಮ್ಮ ಚಳ್ಳಕೆರೆಯಲ್ಲೂ ಅದರ ನಾಲ್ಕು ಪಟ್ಟು ಬೀಳುತ್ತದೆ. ಬಾರ್ಲಿ ಬಿತ್ತುವುದು ಏಪ್ರಿಲ್, ಮೇ ತಿಂಗಳಲ್ಲಿ. ಹಿಮನದಿ ಕರಗಿ ತೊರೆಯಲ್ಲಿ ನೀರು ಬರುವ ಹೊತ್ತಿಗೆ ಜೂನ್ ಆಗಿರುತ್ತದೆ. ಈ ನಡುವಿನ ಎರಡು ತಿಂಗಳೇ ಕಷ್ಟ.

ಚೆವಾಂಗ್ ನೋರ್ಫೆಲ್ ಅನ್ನುವ ಎಂಜಿನಿಯರ್ ಮೊದಲು ಇದಕ್ಕೆ ದಾರಿ ಹುಡುಕಿದರು. ಬೆಟ್ಟದ ನೆರಳಿನ ಕಡೆ ಗಿಡ್ಡ ಕಲ್ಲುಗೋಡೆ ಕಟ್ಟಿ, ಚಳಿಗಾಲದಲ್ಲಿ ಸುಮ್ನೆ ಹರಿದುಹೋಗುವ ನೀರನ್ನು ತೆಳ್ಳಗೆ ಹರಡಿ ಹೆಪ್ಪುಗಟ್ಟಿಸಿದರು. ವಾಂಗ್ಚುಕ್ ಅದನ್ನೇ ಮುಂದುವರಿಸಿ 2013-14ರ ಚಳಿಗಾಲದಲ್ಲಿ ಸ್ತೂಪದ ಆಕಾರ ಕೊಟ್ಟರು. ಮೇಲಿನ ತೊರೆಯಿಂದ ಪೈಪಲ್ಲಿ ನೀರು ತಂದರೆ ತನ್ನ ಒತ್ತಡಕ್ಕೆ ತಾನೇ ಕಾರಂಜಿಯಂತೆ ಚಿಮ್ಮುತ್ತದೆ, ಪಂಪು ಬೇಡ. ರಾತ್ರಿಯ ಚಳಿಗೆ ಕೆಳಗೆ ಬೀಳುವಷ್ಟರಲ್ಲಿ ಗಡ್ಡೆ ಕಟ್ಟುತ್ತದೆ. ಶಂಕುವಿನ ಆಕಾರ ಆದ್ದರಿಂದ ಬಿಸಿಲು ತಾಗುವ ಮೈ ಕಡಿಮೆ, ನಿಧಾನಕ್ಕೆ ಕರಗುತ್ತದೆ.

ನಿಮ್ಮ ಕಡೆ ಕೆರೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ ಅಲ್ವಾ? ಅಲ್ಲೂ ಇದ್ದಾನೆ, ಹೆಸರು ಚುರ್ಪೋನ್. ಯಾರ ಹೊಲಕ್ಕೆ ಯಾವಾಗ ನೀರು ಅನ್ನುವುದು ಅವನ ಮಾತು. ಕಾಲುವೆಯ ಬಾಯಿಗೆ ಒಂದು ಕಲ್ಲು, ಒಂದು ಹೆಂಟೆ ಹುಲ್ಲುಮಣ್ಣು ಇಟ್ಟರೆ ನೀರು ಬಂದ್. ತೆಗೆದರೆ ಪಕ್ಕದ ಹೊಲಕ್ಕೆ. ಇಂಥ ಜನರಿಗೂ 2010ರ ಆಗಸ್ಟ್‌ನಂಥ ಮಳೆ ಎದುರಿಸಲು ಆಗಲಿಲ್ಲ. ಮಳೆಯೇ ಬಾರದ ಊರು ಅಂತ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ್ದ ಮನೆಗಳು ಒಂದೇ ರಾತ್ರಿಯ ಮೇಘಸ್ಫೋಟಕ್ಕೆ ಕೊಚ್ಚಿಹೋಗಿ 200ಕ್ಕಿಂತ ಹೆಚ್ಚು ಜನ ಸತ್ತರು.

ಕರ್ನಾಟಕಕ್ಕೂ ಲಡಾಖ್‌ಗೂ ಏನಾದರೂ ನಂಟಿದೆಯಾ? (ಕೋಲಾರದಿಂದ)

ನಿಮ್ಮೂರಿಂದ ಬೆಂಗಳೂರಿಗೆ ಬರುವ ದಾರಿಯಲ್ಲೇ ಇದೆ. ಚಾಂಗ್‌ಥಾಂಗ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಉಪಗ್ರಹದ ಮೂಲಕ ಅದನ್ನು ತಿರುಗಿಸುವುದು ಹೊಸಕೋಟೆಯಿಂದ. ಇನ್ನು ಬೈಲಕುಪ್ಪೆ, ಮುಂಡಗೋಡಿನ ಟಿಬೆಟಿಯನ್ ಬೌದ್ಧ ಮಠಗಳಲ್ಲಿ ಓದುವ ಲಡಾಖಿ ಹುಡುಗರು ಎಷ್ಟೋ ಮಂದಿ ಇದ್ದಾರೆ. ಸಿಕ್ಕಾಗ ಮಾತಾಡಿಸಿ, ಊರಿನ ಸುದ್ದಿ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಬರುವ ಜೂನ್‌ಗೆ ಮನೆಯವರೆಲ್ಲ ಹೊರಟಿದ್ದೇವೆ. ಏನು ನೆನಪಿಡಬೇಕು? (ಮೈಸೂರಿನಿಂದ)

ವಿಮಾನದಲ್ಲಿ ಹೋದರೆ ಮೊದಲ ಎರಡು ದಿನ ಲೇಹ್‌ನಲ್ಲೇ ಸುಮ್ನೆ ಮಲಗಿ, ಪಾಂಗಾಂಗ್ ಸರೋವರ ಎಲ್ಲೂ ಓಡಿಹೋಗುವುದಿಲ್ಲ. 2022ರಲ್ಲಿ 5 ಲಕ್ಷಕ್ಕಿಂತ ಜಾಸ್ತಿ ಪ್ರವಾಸಿಗರು ಹೋಗಿದ್ದರು, ಅಂದರೆ ಊರವರ ಸಂಖ್ಯೆಯ ಹತ್ತಿರ ಹತ್ತಿರ ಎರಡು ಪಟ್ಟು. ಎಲ್ಲರಿಗೂ ಶವರ್, ಫ್ಲಶ್ ಬೇಕು ಅಂತ ಪಟ್ಟಣದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ. ಹಳ್ಳಿಯ ಮನೆಯಲ್ಲಿ ಉಳಿದುಕೊಂಡರೆ ಒಣ ಶೌಚಾಲಯ ಇರುತ್ತದೆ. ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಒಂದು ಸನಿಕೆ. ಮೂಗು ಮುರಿಯಬೇಡಿ, ವಾಸನೆ ಬರುವುದಿಲ್ಲ. ಆದಮೇಲೆ ಎರಡು ಸನಿಕೆ ಮಣ್ಣು ಹಾಕಿ ಬನ್ನಿ. ಅದರೊಳಗೆ ನೀರು, ಪ್ಲಾಸ್ಟಿಕ್ ಹಾಕದಂತೆ ಮಕ್ಕಳಿಗೆ ಮೊದಲೇ ಹೇಳಿ, ಯಾಕೆಂದರೆ ಮುಂದಿನ ವಸಂತದಲ್ಲಿ ಆ ಮನೆಯವರು ಅದನ್ನೇ ಗೊಬ್ಬರ ಅಂತ ಬಾರ್ಲಿ ಹೊಲಕ್ಕೆ ಹೊರುತ್ತಾರೆ.