ರಾತ್ರಿಯಿಡೀ 'ರನ್ನಿಂಗ್', ಬೆಳಿಗ್ಗೆಯೂ 'ರನ್ನಿಂಗ್'

ಪ್ರಶ್ನೆ: ಸರ್, ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ವಿಭಾಗದಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಎಲ್ಲ ರೈತರ ಬಿಲ್ ಒಟ್ಟಿಗೆ ತೆಗೆಯುವಾಗ 'ಪ್ರೊಸೆಸ್' ಒತ್ತಿದರೆ 'ಜಾಬ್ ಹಿನ್ನೆಲೆಯಲ್ಲಿ ನಡೆಯುತ್ತಿದೆ' ಎಂದು ಬರುತ್ತದೆ. ಕಳೆದ ಸಲ ಸಂಜೆ ಒತ್ತಿ ಹೋದೆ, ಬೆಳಿಗ್ಗೆ ಬಂದರೂ 'ರನ್ನಿಂಗ್' ಅಂತಲೇ ಇತ್ತು. ಕಿಟಕಿ ಮುಂದೆ ರೈತರು 'ಬಿಲ್ ಯಾವಾಗ್ರಿ' ಅಂತ ನಿಂತಿದ್ದರು. ಇಂಥ ಹೊತ್ತಲ್ಲಿ ಇನ್ನೊಮ್ಮೆ ಒತ್ತಬೇಕಾ, ಕಾಯಬೇಕಾ?

ಉತ್ತರ: ಒತ್ತಬೇಡಿ. ಉಳಿದದ್ದು ಆಮೇಲೆ.

ನಿಮ್ಮ ಅವಸರ ಗೊತ್ತು. ಕಬ್ಬು ಬಂದ 14 ದಿನದೊಳಗೆ ಹಣ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆದರೆ ಹಳೆಯ ಜಾಬ್ ಇನ್ನೂ ಜೀವಂತ ಇದ್ದು, ನೀವು ಎರಡನೆಯದು ಶುರು ಮಾಡಿದರೆ ಅದೇ ತೂಕದ ಚೀಟಿಗಳನ್ನು ಎರಡೂ ಹಿಡಿದುಕೊಳ್ಳುತ್ತವೆ. ಸೊಸೈಟಿ ಸಾಲದ ಕಂತು, ಕಟಾವು, ಸಾಗಾಣಿಕೆ ಎಲ್ಲ ಎರಡು ಸಲ ಕಡಿತವಾಗಬಹುದು. ಒಳ್ಳೆಯ ಸಾಫ್ಟ್‌ವೇರ್ ಎರಡನೆಯದನ್ನು ತಡೆಯುತ್ತದೆ, ನಿಜ. ನಿಮ್ಮದು ತಡೆಯುತ್ತದಾ ಅನ್ನೋದನ್ನು ಹಂಗಾಮಿನ ನಡುವೆ ಪರೀಕ್ಷೆ ಮಾಡಲು ಹೋಗಬೇಡಿ.

ಇನ್ನು 'ರನ್ನಿಂಗ್' ವಿಚಾರ. ಜಾಬ್ ಶುರುವಾದಾಗ ಡೇಟಾಬೇಸಿನ ಒಂದು ಸಾಲಿನಲ್ಲಿ 'ರನ್ನಿಂಗ್' ಎಂದು ಬರೆಯುತ್ತದೆ. ಮುಗಿದಾಗ ಅದನ್ನು ಅಳಿಸಿ 'ಕಂಪ್ಲೀಟೆಡ್' ಅಥವಾ 'ಫೇಲ್ಡ್' ಎಂದು ಬರೆಯಬೇಕು. ನಡುವೆ ಕರೆಂಟ್ ಹೋಯಿತು, ಸರ್ವರ್ ರೀಸ್ಟಾರ್ಟ್ ಆಯಿತು ಅನ್ನಿ. ಬರೆಯುವವರೇ ಇಲ್ಲ! ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಸಹಿ ಮಾಡಿ, ಸಂಜೆ ಸಹಿ ಮಾಡದೆ ಮನೆಗೆ ಹೋದವನ ಹಾಗೆ. ಪುಸ್ತಕದ ಪ್ರಕಾರ ಆತ ಇನ್ನೂ ಆಫೀಸಿನಲ್ಲೇ ಇದ್ದಾನೆ. ಇದು ಸಣ್ಣ ಸಾಫ್ಟ್‌ವೇರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ದೊಡ್ಡ ಕಂಪನಿಗಳು ಬಳಸುವ ಸ್ಯಾಪ್‌ನಲ್ಲಿ ಜಾಬ್‌ಗಳನ್ನು ನೋಡುವ ಎಸ್‌ಎಂ37 ಪರದೆಯಿದೆ. ಅಲ್ಲಿ 'ಚೆಕ್ ಸ್ಟೇಟಸ್' ಎಂಬ ಆಯ್ಕೆ ಕೊಟ್ಟಿರುವುದೇ ಇದಕ್ಕೆ. 'ಆಕ್ಟಿವ್' ಎಂದು ಬರೆದಿರುವ ಜಾಬ್ ನಿಜವಾಗಿ ನಡೆಯುತ್ತಿದೆಯಾ ಎಂದು ಅದು ಹೋಗಿ ನೋಡಿ ಬರುತ್ತದೆ. ಪರದೆ ಮೇಲೆ ತಿರುಗುವ ಚಕ್ರದ ಮೇಲಂತೂ ನನಗೆ ಯಾವತ್ತೂ ನಂಬಿಕೆಯಿಲ್ಲ. ಅದು ಬರೀ ಚಿತ್ರ, ಅದರ ಪಾಡಿಗೆ ಅದು ತಿರುಗುತ್ತಿರುತ್ತದೆ.

ಹಾಗಾದರೆ ಏನು ನೋಡಬೇಕು? ಅಂಕಿ ಅಲ್ಲಾಡುತ್ತಿದೆಯಾ ಅನ್ನೋದನ್ನು. ಎಷ್ಟು ಬಿಲ್ ಆಗಿದೆ ಎಂಬ ವರದಿ ತೆಗೆಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. ಹೆಚ್ಚಾಗಿದ್ದರೆ ಜಾಬ್ ಬದುಕಿದೆ, ಕಾಯಿರಿ. ಹೆಚ್ಚಾಗದಿದ್ದರೆ ಮಾತ್ರ ಸ್ವಲ್ಪ ಹುಷಾರು. ಕೆಲವು ಸಾಫ್ಟ್‌ವೇರ್‌ಗಳು ಎಲ್ಲ ಬಿಲ್ ಮುಗಿದ ಮೇಲೆ ಒಂದೇ ಏಟಿಗೆ ಉಳಿಸುತ್ತವೆ. ಅಲ್ಲಿಯವರೆಗೆ ಹೊರಗಿನವರಿಗೆ ಸೊನ್ನೆಯೇ ಕಾಣುತ್ತದೆ. ಒಳಗೆ ಕೆಲಸ ಭರದಿಂದ ನಡೆದಿರುತ್ತದೆ! ನಿಮ್ಮದು ಯಾವ ಥರದ್ದು ಎಂದು ಸಾಫ್ಟ್‌ವೇರ್ ಕೊಟ್ಟವರನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

ಡೇಟಾಬೇಸ್ ನೋಡಿಕೊಳ್ಳುವವರು ಇದ್ದರೆ ಇನ್ನೂ ಸುಲಭ. ನಿಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ 'ಶೋ ಪ್ರೊಸೆಸ್‌ಲಿಸ್ಟ್', ಪೋಸ್ಟ್‌ಗ್ರೆಸ್ ಆದರೆ 'ಪಿಜಿ ಸ್ಟ್ಯಾಟ್ ಆಕ್ಟಿವಿಟಿ' ನೋಡಿದರೆ ಈ ಕ್ಷಣ ಯಾರು ಏನು ಮಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಜಾಬ್ ಆ ಪಟ್ಟಿಯಲ್ಲೇ ಇಲ್ಲವೆಂದರೆ ಅದು ಸತ್ತಿರುವ ಸಾಧ್ಯತೆಯೇ ಜಾಸ್ತಿ. ಪಟ್ಟಿಯಲ್ಲಿದ್ದು, ಬೇರೆಯವರು ಹಿಡಿದಿಟ್ಟ ದಾಖಲೆ ಬಿಡುಗಡೆಯಾಗಲಿ ಎಂದು, ಅಂದರೆ ಲಾಕ್‌ಗಾಗಿ ಕಾಯುತ್ತಿದ್ದರೆ ಕಳ್ಳ ಬೇರೆ ಕಡೆ ಇದ್ದಾನೆ. ಇಂಥ ಒಂದು ಪ್ರಕರಣ ನಾನು ಬಾಗಲಕೋಟೆಯಲ್ಲಿದ್ದಾಗ ನೋಡಿದ್ದೇನೆ. ತೂಕದ ಮನೆಯಲ್ಲಿ ಒಬ್ಬರು ಚೀಟಿಯೊಂದನ್ನು ತಿದ್ದಲು ತೆಗೆದು, ಉಳಿಸದೆ ಹಾಗೇ ಬಿಟ್ಟು ಚಹಾಕ್ಕೆ ಹೋಗಿದ್ದರು. ಆ ಒಂದು ಚೀಟಿ ಬಿಡುಗಡೆಯಾಗುವ ತನಕ ಇಡೀ ಬಿಲ್ಲಿಂಗ್ ಅದರ ಹಿಂದೆ ನಿಂತಿತ್ತು. ಆ ಪರದೆ ಮುಚ್ಚಿದ್ದೇ ತಡ, ಜಾಬ್ ಓಡತೊಡಗಿತು.

ಜಾಬ್ ಸತ್ತಿರುವುದು ಖಾತ್ರಿಯಾದರೂ ನೀವೇ ಡೇಟಾಬೇಸಿಗೆ ಕೈಹಾಕಿ 'ರನ್ನಿಂಗ್' ಅಳಿಸಬೇಡಿ. ಎಲ್ಲಿಯವರೆಗೆ ಆಗಿದೆ, ಅಲ್ಲಿಂದ ಮುಂದುವರಿಸಬೇಕಾ, ಆದದ್ದನ್ನು ರದ್ದು ಮಾಡಿ ಮೊದಲಿನಿಂದ ಮಾಡಬೇಕಾ ಎಂದು ಸಾಫ್ಟ್‌ವೇರ್ ಬರೆದವರೇ ಹೇಳಲಿ. ಹಾಗೇ ಅವರಿಗೆ ಒಂದು ಬೇಡಿಕೆಯನ್ನೂ ಇಡಿ: ಜಾಬ್ ಪರದೆಯಲ್ಲಿ ಒಟ್ಟು ಎಷ್ಟರಲ್ಲಿ ಎಷ್ಟು ಆಯಿತು, ಕೊನೆಯ ಚಲನೆ ಎಷ್ಟು ಹೊತ್ತಿಗೆ, ನಿಂತರೆ ಯಾವ ಚೀಟಿ ನಂಬರಿಗೆ ನಿಂತಿತು ಎಂದು ಕಾಣಬೇಕು. ಇದೇನು ದೊಡ್ಡ ಕೆಲಸವಲ್ಲ. 'ಮುಂದಿನ ವರ್ಷನ್‌ನಲ್ಲಿ ಕೊಡ್ತೀವಿ' ಅಂದರೆ ಒಪ್ಪಬೇಡಿ.

ಪ್ರಶ್ನೆ: ನಮ್ಮದು ಇಳಕಲ್ಲಿನ ಸೀರೆ ಅಂಗಡಿ. ಪ್ರತಿ ರಾತ್ರಿ ಲೆಕ್ಕದ ಬ್ಯಾಕಪ್ ಆಗಲಿ ಎಂದು ಲ್ಯಾಪ್‌ಟಾಪಿನ ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಇಟ್ಟಿದ್ದೇವೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಇಲ್ಲ.

ಉತ್ತರ: ಆಗದ ದಿನ ರಾತ್ರಿ ಕರೆಂಟ್ ಇತ್ತಾ, ಅಥವಾ ಚಾರ್ಜರ್ ತೆಗೆದಿತ್ತಾ ನೋಡಿ. 'ಕಂಡೀಷನ್ಸ್' ಪುಟದಲ್ಲಿ ಚಾರ್ಜರ್ ಕರೆಂಟ್ ಇದ್ದರೆ ಮಾತ್ರ ಶುರು ಮಾಡು, ಬ್ಯಾಟರಿಗೆ ಬಂದರೆ ನಿಲ್ಲಿಸು ಎಂಬ ಗುರುತುಗಳು ಮೊದಲಿನಿಂದಲೇ ಹಾಕಿರುತ್ತವೆ. ತೆಗೆಯಿರಿ. 'ಸೆಟ್ಟಿಂಗ್ಸ್' ಪುಟದಲ್ಲಿ, ಸಮಯ ತಪ್ಪಿದರೆ ಆದಷ್ಟು ಬೇಗ ನಡೆಸು ಎಂಬ ಗುರುತು ಹಾಕಿರುವುದಿಲ್ಲ, ಅದನ್ನು ಹಾಕಿ. ಹಿಸ್ಟರಿ ಕೂಡ ಸಾಮಾನ್ಯವಾಗಿ ಬಂದ್ ಇರುತ್ತದೆ, ಚಾಲೂ ಮಾಡಿದರೆ ಮುಂದಿನ ಸಲ ಊಹೆ ಮಾಡುವ ಕೆಲಸ ಇರಲ್ಲ.

'ಲಾಸ್ಟ್ ರನ್ ರಿಸಲ್ಟ್' ಕಾಲಮ್ಮಿನಲ್ಲಿ 41301 ಕಂಡರೆ ಇನ್ನೂ ನಡೆಯುತ್ತಿದೆ, 41303 ಕಂಡರೆ ಒಮ್ಮೆಯೂ ನಡೆದಿಲ್ಲ ಎಂದು. ಸೊನ್ನೆ ಬಂದರೆ ಯಶಸ್ವಿ. ಆದರೆ ಪ್ರೋಗ್ರಾಂ ತಾನು ಹೊರಡುವಾಗ ಸೊನ್ನೆ ಹೇಳಿ ಹೋಯಿತು ಎಂದಷ್ಟೇ ಅದರ ಅರ್ಥ. ಪೆನ್‌ಡ್ರೈವ್ ಹಾಕಿರದಿದ್ದರೂ ಸೊನ್ನೆ ಹೇಳುವ, ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಬ್ಯಾಚ್ ಫೈಲ್‌ಗಳಿವೆ! ಹಾಗಾಗಿ ಬ್ಯಾಕಪ್ ಫೈಲಿನ ತಾರೀಖು ಮತ್ತು ಸೈಜ್ ನೋಡಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದೂ ನೋಡಿ.