ಕಡಲು ಸೇರುವ ನೀರು ವ್ಯರ್ಥವೇ, ಮೇಷ್ಟ್ರೇ?

ಸಾಗರದಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು: “ಮಗಳನ್ನು ಹೊನ್ನಾವರದ ಬಳಿಯ ಕಡಲಂಚಿನ ಊರಿಗೆ ಕೊಟ್ಟಿದ್ದೇವೆ. ಈ ಮಳೆಗಾಲದಲ್ಲಿ ಅವರ ಹಿತ್ತಿಲಿನ ಎರಡು ತೆಂಗಿನ ಮರಗಳು ಸಮುದ್ರದ ಪಾಲಾದವು, ಬಾವಿಗೆ ಉಪ್ಪುನೀರು ನುಗ್ಗಿತು. ಊರಿನ ಉದ್ದಕ್ಕೂ ಎತ್ತರದ ಕಲ್ಲಿನ ಗೋಡೆ ಕಟ್ಟಬೇಕೆಂದು ತಮ್ಮ ಪತ್ರಿಕೆ ಒತ್ತಾಯಿಸಲಿ. ಹಾಗೆಯೇ ನಮ್ಮ ಮಲೆನಾಡಿನ ನದಿಗಳ ನೀರು ವ್ಯರ್ಥವಾಗಿ ಸಮುದ್ರ ಸೇರುವುದನ್ನು ತಡೆಯುವ ಬಗ್ಗೆಯೂ ಬರೆಯಿರಿ.”

ಮಾನ್ಯ ಮೇಷ್ಟ್ರೇ,

ತಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗಳ ಮನೆಯ ಬಾವಿಯ ನೀರು ಉಪ್ಪಾಗಿದೆ ಎಂಬ ಸಾಲನ್ನು ಬರೆಯುವಾಗ ತಮಗೆ ಆಗಿರಬಹುದಾದ ಸಂಕಟ ನನಗೆ ಅರ್ಥವಾಗುತ್ತದೆ. ಗೋಡೆಯೇ ಬೇಡವೆಂದು ನಾನು ಹೇಳಲಾರೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ; ಅಂಥಲ್ಲಿ ಕಲ್ಲು ಹಾಕದೆ ಗತಿಯಿಲ್ಲ. ಕೇರಳದ ಚೆಲ್ಲಾನಂನಲ್ಲಿ ಏಳು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಟೆಟ್ರಾಪಾಡ್ ಎಂಬ ನಾಲ್ಕು ಕಾಲಿನ ಕಾಂಕ್ರೀಟಿನ ಗಟ್ಟಿಗಳನ್ನು ಜೋಡಿಸಿದ ಮೇಲೆ ಅದರ ಹಿಂದಿನ ಮನೆಗಳವರು ಮಳೆಗಾಲದಲ್ಲಿ ನಿದ್ದೆ ಮಾಡುವಂತಾಯಿತು. ಆದರೆ ಆ ಗೋಡೆ ಮುಗಿಯುವಲ್ಲಿಂದ ಆಚೆಗಿರುವ ಕಣ್ಣಮಾಲಿಯ ಜನ ಈಗಲೂ ಅಂಗಳದಲ್ಲಿ ಸಮುದ್ರವನ್ನು ಕಾಣುತ್ತಿದ್ದಾರೆ.

ಇದು ನನಗೆ ಹೊಸದಲ್ಲ. ನಮ್ಮ ಅಡಿಕೆ ತೋಟದ ಕೆಳಗೆ ಹಳ್ಳವೊಂದು ಹರಿಯುತ್ತಿತ್ತು. ನಾನು ಚಿಕ್ಕವನಿದ್ದಾಗ ಒಂದು ಆಷಾಢದಲ್ಲಿ ತಿರುವಿನ ಧರೆ ಕುಸಿದು ಏಳೆಂಟು ಮರಗಳು ಹೋದವು. ತಂದೆಯವರು ಬೇಸಿಗೆಯಲ್ಲಿ ಆಳುಗಳನ್ನು ಹಚ್ಚಿ, ಆ ಕಾಲಕ್ಕೆ ದೊಡ್ಡ ಮೊತ್ತವೆನ್ನಬಹುದಾದ ಸಾಲ ಮಾಡಿ, ಎದೆಮಟ್ಟದ ಕಲ್ಲುಕಟ್ಟೆ ಕಟ್ಟಿಸಿದರು. ಮರುವರ್ಷ ನಮ್ಮ ಧರೆ ಅಲುಗಲಿಲ್ಲ; ಕೆಳಗಿನ ಮನೆಯವರ ತೋಟದ ಅಂಚು ಹೋಯಿತು. ಮೂರನೆಯ ವರ್ಷ ಕಟ್ಟೆಯ ಬುಡವನ್ನೇ ನೀರು ಕೊರೆದು, ಕಲ್ಲುಗಳು ಒಂದೊಂದಾಗಿ ಹಳ್ಳಕ್ಕೆ ಉರುಳಿದವು. ಕೊನೆಗೆ ತಂದೆಯವರು ದಡವನ್ನು ಇಳಿಜಾರು ಮಾಡಿಸಿ, ವಾಟೆ ಬಿದಿರನ್ನೂ ಕೇದಿಗೆಯನ್ನೂ ನೆಡಿಸಿದರು. ಆ ದಡ ಇಂದಿಗೂ ನಿಂತಿದೆ.

ಕಡಲ ದಂಡೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ, ನೀರಿನಡಿಯಲ್ಲಿ ದಿಬ್ಬವಾಗಿ ಒಟ್ಟುತ್ತವೆ. ದೊಡ್ಡ ಅಲೆಗಳು ಆ ದಿಬ್ಬಕ್ಕೆ ತಾಗಿ ಅಲ್ಲಿಯೇ ಒಡೆಯುತ್ತವೆ. ಮಳೆ ಹಿಂದೆ ಸರಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮೆಲ್ಲಮೆಲ್ಲನೆ ದಡಕ್ಕೆ ಮರಳಿಸುತ್ತವೆ. ಕಲ್ಲಿನ ಗೋಡೆಗೆ ಬಡಿದ ಅಲೆಯಾದರೋ ಅದೇ ರಭಸದಿಂದ ಹಿಂದಿರುಗುವಾಗ ಗೋಡೆಯ ಬುಡದ ಮರಳನ್ನು ಹೊತ್ತೊಯ್ಯುತ್ತದೆ, ದಡದುದ್ದಕ್ಕೆ ಸಾಗುತ್ತಿದ್ದ ಮರಳಿನ ಹರಿವನ್ನು ಕೆಡಿಸಿ ನೆರೆಯ ಊರನ್ನು ಬಡವಾಗಿಸುತ್ತದೆ. ಹೀಗಾಗಿ ನಿಜವಾದ ತಡೆಗೋಡೆ ಎಂದರೆ ಮರಳೇ.

ಆ ಮರಳು ಎಲ್ಲಿಂದ ಬರುತ್ತದೆ, ಮೇಷ್ಟ್ರೇ? ಅದರ ದೊಡ್ಡ ಪಾಲು ನಮ್ಮಿಂದ, ಈ ಘಟ್ಟದಿಂದಲೇ ಹೋಗಬೇಕು. ಮರವಂತೆಯ ಬಗಲಲ್ಲಿ ಹರಿಯುವ ಸೌಪರ್ಣಿಕೆ ಹುಟ್ಟುವುದು ಕೊಡಚಾದ್ರಿಯಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ 128 ಕಿಲೋಮೀಟರ್ ಹರಿದು ಸಮುದ್ರ ಸೇರುವುದು ತಮ್ಮ ಮಗಳ ಮನೆಯ ಹತ್ತಿರದಲ್ಲಿಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಮೇಲ್ಭಾಗದ ಮರಳು ಹಿನ್ನೀರಿನ ತಳದಲ್ಲಿ ಕುಳಿತಿದೆ. ವಿದ್ಯುದಾಗಾರದಿಂದ ಹೊರಬೀಳುವುದು ಮರಳಿಲ್ಲದ ತಿಳಿನೀರು. ಅಣೆಕಟ್ಟಿನ ಕೆಳಗಿನ ಕಣಿವೆಯಿಂದ ಬಂದಷ್ಟು ಮರಳಿಗೂ, ನದಿ ಕಡಲು ಸೇರುವ ಅಳಿವೆಯವರೆಗೆ, ಲಾರಿಗಳು ಕಾದಿರುತ್ತವೆ. ಹೊನ್ನಾವರದ ಕಡಲ್ಕೊರೆತಕ್ಕೆಲ್ಲ ಆ ಅಣೆಕಟ್ಟೊಂದೇ ಹೊಣೆಯೆಂದು ನಾನು ಹೇಳುತ್ತಿಲ್ಲ. ನಾಡಿಗೆ ಬೆಳಕು ಕೊಟ್ಟ ಅಣೆಕಟ್ಟು ಅದು; ಅದಕ್ಕಾಗಿ ಊರು ಬಿಟ್ಟವರ ಮಕ್ಕಳು ನಮ್ಮ ಓದುಗರಲ್ಲಿಯೂ ಇದ್ದಾರೆ. ಆದರೆ ಒಂದೇ ಪತ್ರದಲ್ಲಿ ಕಡಲಿಗೆ ಗೋಡೆಯನ್ನೂ ನದಿಗೆ ತಡೆಯನ್ನೂ ಕೇಳಿದ್ದೀರಲ್ಲ, ಅದು ನನಗೆ ನೋವುಂಟುಮಾಡಿತು. ಮಕ್ಕಳಿಗೆ ಭೂಗೋಳ ಕಲಿಸಿದ ತಾವು ಅಂಬುತೀರ್ಥವನ್ನೂ ಅಳಿವೆಯನ್ನೂ ಒಂದೇ ನಕಾಶೆಯಲ್ಲಿ ನೋಡಬೇಕಿತ್ತು.

“ವ್ಯರ್ಥವಾಗಿ ಸಮುದ್ರ ಸೇರುವ ನೀರು” ಎಂಬ ಮಾತನ್ನು ವೇದಿಕೆಯ ಮೇಲಿನವರು ಹೇಳಿ ಹೇಳಿ ನಮ್ಮ ನಾಲಿಗೆಗೂ ಅಂಟಿಸಿದ್ದಾರೆ. ಎತ್ತಿನಹೊಳೆಯ ನೀರನ್ನು ಘಟ್ಟ ಹತ್ತಿಸಿದ್ದು ಈ ಮಾತಿನ ಬಲದಿಂದಲೇ. ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದು 2019ರಲ್ಲಿ ಶಿವಮೊಗ್ಗ ಜಿಲ್ಲೆ ಬೀದಿಗಿಳಿದಾಗಲೂ ನಾವು ನಮ್ಮ ಕುಡಿಯುವ ನೀರಿನ, ನಮ್ಮ ಕಾಡಿನ ಮಾತನ್ನಾಡಿದೆವೇ ಹೊರತು ಅಳಿವೆಯಲ್ಲಿ ಬಲೆ ಬೀಸುವವರ ಮಾತನ್ನು ಸಾಕಷ್ಟು ಆಡಲಿಲ್ಲ. ಆ ತಪ್ಪಿನಲ್ಲಿ ಈ ಪತ್ರಿಕೆಗೂ ಪಾಲಿದೆ.

ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯನ್ನು ತಾವೊಮ್ಮೆ ಕುಮಟಾದ ಬಳಿ ನೋಡಬೇಕು. ಅಲ್ಲಿ ಉಪ್ಪುನೀರು ಬಂದುಹೋಗುವ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಅದನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಒಡ್ಡಿನ ತೂಬು ತೆರೆದರೆ ಭರತದ ನೀರಿನೊಂದಿಗೆ ಸಿಗಡಿಯೂ ಮೀನೂ ಒಳಬರುತ್ತವೆ. ಒಡ್ಡಿನ ಹೊರಗೆ ಉಪ್ಪುನೀರಿನಲ್ಲಿಯೇ ಬೆಳೆಯುವ ಕಾಂಡ್ಲಾ ಗಿಡಗಳು ಅಲೆಯ ಪೆಟ್ಟನ್ನು ತಾವು ತಿನ್ನುತ್ತವೆ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಬದುಕುವ ನೆದರ್ಲೆಂಡ್ಸಿನವರು 1953ರ ಪ್ರವಾಹದ ನಂತರ ಭಾರೀ ಒಡ್ಡುಗಳನ್ನು ಕಟ್ಟಿದವರು. ಅವರೇ 2011ರಲ್ಲಿ ತಮ್ಮ ಒಂದು ದಂಡೆಗೆ ಸುಮಾರು 2.15 ಕೋಟಿ ಘನ ಮೀಟರ್ ಮರಳು ಸುರಿದು, ಅದನ್ನು ಹರಡುವ ಕೆಲಸವನ್ನು ಗಾಳಿಗೂ ಅಲೆಗೂ ಬಿಟ್ಟರು. ನಮ್ಮಲ್ಲಿ ಜೂನ್ ಬಂದು ಮನೆ ಕುಸಿಯಲು ತೊಡಗಿದ ಮೇಲೆ ಲಾರಿಗಳಲ್ಲಿ ಬಂಡೆ ತಂದು ಸುರಿಯುತ್ತಾರೆ, ಅವು ಮರಳಿನಲ್ಲಿ ಹೂತುಹೋದ ಮೇಲೆ ಮರುವರ್ಷ ಮತ್ತೆ ಸುರಿಯುತ್ತಾರೆ. ಆ ಬಂಡೆ ಯಾವ ಗುಡ್ಡವನ್ನು ಒಡೆದು ಬಂದದ್ದೆಂದು ಕೇಳುವವರಿಲ್ಲ. ಗೋಡೆ ಎಲ್ಲಿಗೆ ನಿಲ್ಲಬೇಕು, ದೋಣಿ ಎಳೆಯಲು ಎಲ್ಲಿ ಜಾಗ ಬಿಡಬೇಕು ಎಂದು ಮೀನುಗಾರರ ಕೇರಿಯಲ್ಲಿ ವಿಚಾರಿಸುವವರೂ ಇಲ್ಲ.

ಇಷ್ಟು ಹೇಳಿ ತಮ್ಮ ಮಗಳನ್ನು ಅಲೆಯ ಬಾಯಿಗೆ ಬಿಡಿ ಎನ್ನುವಷ್ಟು ಕಠಿಣ ಮನಸ್ಸು ನನಗಿಲ್ಲ. ಮನೆಗೆ ಅಪಾಯವಿದ್ದಲ್ಲಿ ಈ ವರ್ಷದ ಮಟ್ಟಿಗೆ ಕಲ್ಲೇ ಬರಲಿ. ಆದರೆ ದೀಪಾವಳಿಗೆ ಮಗಳು ತವರಿಗೆ ಬಂದಾಗ ಒಂದು ಕೆಲಸ ಒಪ್ಪಿಸಿ. ಹಿಂದಿರುಗಿದ ಮೇಲೆ, ಇಳಿತದ ಹೊತ್ತಿನಲ್ಲಿ, ಹಿತ್ತಿಲಿನ ಬೇಲಿಯಿಂದ ನೀರಿನ ಅಂಚಿಗೆ ಎಷ್ಟು ಹೆಜ್ಜೆಯೆಂದು ಎಣಿಸಿ ಬರೆದಿಡಲಿ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ ಎಣಿಸಲಿ. ಸಾಧ್ಯವಾದರೆ ಗೋಡೆಯಿರುವ ಪಕ್ಕದ ಊರಿನಲ್ಲಿಯೂ ಎಣಿಸಲಿ. ಆ ಲೆಕ್ಕ ನಮಗೆ ತಲುಪಿದರೆ, ಅದು ನನ್ನ ಮಾತಿಗೆ ವಿರುದ್ಧವಾಗಿದ್ದರೂ, ಇದೇ ಪುಟದಲ್ಲಿ ಅಚ್ಚಾಗುತ್ತದೆ.

— ಸಂಪಾದಕ